ಹದಿನೇಳನೇ ತಾರೀಖಿನ ಸುತ್ತಮುತ್ತ

ಸೆಪ್ಟೆಂಬರ್ 1, 2024, ಭಾನುವಾರ. ನಾಸಿಕ್

ಬೆಳಿಗ್ಗೆ ಕನ್ನಡ ಬಳಗದವರು ಬಂದಿದ್ದರು. 22ಕ್ಕೆ ಕಾರ್ಯಕ್ರಮ. ನನಗೆ ಹದಿನೈದು ನಿಮಿಷ, ಸ್ವಾಮಿ ರಾಮಾನಂದ ತೀರ್ಥರ ಬಗ್ಗೆ. "ನೀವು ಕಲಬುರಗಿಯವರು, ಮಗಳು ಸಂಭಾಜಿನಗರದಲ್ಲಿ. ನಿಮ್ಮನ್ನು ಬಿಟ್ಟರೆ ಯಾರು ಹೇಳಬೇಕು?" ಅಂದರು. ಒಪ್ಪಿಕೊಂಡೆ.

ಬಳಗದಲ್ಲಿ ಬಹಳಷ್ಟು ಮಂದಿ ಬೆಂಗಳೂರು, ಮೈಸೂರು ಕಡೆಯಿಂದ ಓಝರ್ ವಿಮಾನ ಕಾರ್ಖಾನೆಗೆ ಬಂದು ಇಲ್ಲೇ ನೆಲೆಸಿದವರು. ಅವರಿಗೆ ಸ್ವಾತಂತ್ರ್ಯ ದಿನ ಒಂದೇ. ನಿಜಾಮನ ಸೀಮೆಯವರಾದ ನಮಗೆ ಇನ್ನೊಂದು ಇದೆ, ಸೆಪ್ಟೆಂಬರ್ 17, ಹದಿಮೂರು ತಿಂಗಳು ತಡವಾಗಿ ಬಂದದ್ದು. ಇಷ್ಟು ವರ್ಷ ಇಲ್ಲಿದ್ದು ಇದನ್ನು ಯಾರಿಗೂ ಸರಿಯಾಗಿ ಹೇಳಿಲ್ಲ.

ಸೆಪ್ಟೆಂಬರ್ 3, ಮಂಗಳವಾರ

ತಮ್ಮನ ಫೋನು. ಊರ ಮನೆಯ ಮುಂಭಾಗ ಕೆಡವಿ ಆರ್‌ಸಿಸಿ ಹಾಕಿಸುತ್ತಾನಂತೆ. "ಅಕ್ಕಾ, ಪುಣೆದಿಂದ ಒಬ್ಬಾವ ಬಂದಿದ್ದ. ತಲಬಾಗಿಲಿಗಿ ಎಪ್ಪತ್ತು ಸಾವಿರ ಕೊಡ್ತೀನಿ ಅಂದಾನ. ಹಳೇ ಸಾಗವಾನಿ, ಈಗ ಇಂಥಾದ್ದು ಸಿಗಂಗಿಲ್ಲಂತ."

ಕೊಡಬೇಡ ಅಂದೆ. ಯಾಕ ಅಂದ. ಹೇಳಲು ಬಾಯಿ ಬರಲಿಲ್ಲ.

ಸೆಪ್ಟೆಂಬರ್ 5, ಗುರುವಾರ

ಸ್ವಾಮೀಜಿಯ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ.

ಹುಟ್ಟಿದ್ದು 1903ರ ಅಕ್ಟೋಬರ್ 3, ವಿಜಾಪುರ ಜಿಲ್ಲೆಯ ಸಿಂದಗಿ. ಮನೆಯವರು ಇಟ್ಟ ಹೆಸರು ವೆಂಕಟೇಶ, ಅಡ್ಡಹೆಸರು ಖೇಡಗೀಕರ. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಹತ್ತಿರ ಕೆಲಸ. ಆಮೇಲೆ ನಿಜಾಮನ ಸೀಮೆಯೊಳಗೆ ಹಿಪ್ಪರಗಾದ ರಾಷ್ಟ್ರೀಯ ಶಾಲೆ, ನಂತರ ಅಂಬಾಜೋಗಾಯಿಯ ಯೋಗೇಶ್ವರಿ ಶಾಲೆ. ಮೊದಲಿನಿಂದ ಮಾಸ್ತರಿಕೆ. ಸಂನ್ಯಾಸ ತೆಗೆದುಕೊಂಡರೂ ಮಠ ಕಟ್ಟಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಇನ್ನೂ ಕಣ್ಣು ಬಿಡುವ ಮೊದಲೇ ನಿಜಾಮ ನಿಷೇಧ ಹಾಕಿದ. ಸ್ವಾಮೀಜಿ ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದರು. ನಿಷೇಧ ಹೋದದ್ದು 1946ರಲ್ಲಿ, ಮಹಾಯುದ್ಧ ಮುಗಿದ ಮರುವರ್ಷ. ಅಧ್ಯಕ್ಷರಾದರು. ಎದುರು ಪಕ್ಷಕ್ಕಿಂತ ಒಳಪಕ್ಷದ ಕಾಟವೇ ಹೆಚ್ಚು ಅನ್ನಿಸುತ್ತದೆ: ಬೂರ್ಗುಲ ರಾಮಕೃಷ್ಣರಾಯರ ಮಿತವಾದಿ ಗುಂಪು ಒಂದು ಕಡೆ, ಗೋವಿಂದಭಾಯಿ ಶ್ರಾಫ್ ಮುಂತಾದ ಎಡಪಂಥೀಯರು ಇನ್ನೊಂದು ಕಡೆ. ಇವರು ಆ ಎಡದವರ ಜೊತೆ ನಿಂತ ಸಂನ್ಯಾಸಿ.

ಇಷ್ಟು ಬರೆಯುವುದು ಸುಲಭ. 1948ರ ಜನವರಿಯವರೆಗೆ ಎಲ್ಲವೂ ಸಲೀಸು.

ಸೆಪ್ಟೆಂಬರ್ 7, ಶನಿವಾರ. ಚೌತಿ

ಗಣಪ ಬಂದ. ಕಡಬು, ಮೋದಕ ಎರಡೂ ಮಾಡಿದೆ. ನಮ್ಮ ಯಜಮಾನರು, ಇವರಿಗೆ ಸಕ್ಕರೆ ಹೆಚ್ಚಾಗಿದೆ, ಆದರೂ ಎರಡು ತಿಂದರು.

ತಲೆಬಾಗಿಲಿಗೆ ಮಾವಿನ ತೋರಣ ಕಟ್ಟುವಾಗ ಆಯಿ, ಅಪ್ಪನ ತಾಯಿ, ನೆನಪಾದಳು. ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಹೊಸ್ತಿಲಿಗೆ ಮಾತ್ರ. ಮೇಲಿನ ಚೌಕಟ್ಟಿಗೆ ಕೈ ತಾಗಿಸುತ್ತಿರಲಿಲ್ಲ. ತೋರಣವನ್ನೂ ಪಡಸಾಲೆಯ ಕಂಬಕ್ಕೆ ಕಟ್ಟಿಸುತ್ತಿದ್ದಳು, ಬಾಗಿಲಿಗಲ್ಲ. ಸಣ್ಣವಳಿದ್ದಾಗ ಕೇಳಿದ್ದೆ. "ನಮ್ಮನಿ ಪದ್ಧತಿ" ಅಂದಿದ್ದಳು.

ಸೆಪ್ಟೆಂಬರ್ 8, ರಾತ್ರಿ 11

ನಿದ್ದೆ ಇಲ್ಲ. ಆ ಬಾಗಿಲನ್ನು ಕಣ್ಣು ಮುಚ್ಚಿ ನೋಡುತ್ತಿದ್ದೇನೆ.

ಎರಡು ಕದ. ಹಿತ್ತಾಳೆಯ ಮೊಳೆ ಸಾಲಾಗಿ. ಅಂಚಿಗೆ ಬಳ್ಳಿ, ನಡುನಡುವೆ ದಾಳಿಂಬೆ ಹಣ್ಣು, ಒಂದು ಹಣ್ಣು ಬಿರಿದಿರುವಂತೆ ಕೆತ್ತಿದ್ದಾರೆ, ಒಳಗಿನ ಕಾಳು ಎಣಿಸಬಹುದು. ನಾನೂ ತಮ್ಮನೂ ಎಣಿಸುತ್ತಿದ್ದೆವು. ಮೇಲಿನ ಅಡ್ಡಪಟ್ಟಿಯ ನಡುವೆ ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ, ಕೆತ್ತನೆ ಇಲ್ಲ. ಉಳಿಯ ಏಟು ಮಾತ್ರ. ಎಣ್ಣೆ ಹಚ್ಚಿ ಹಚ್ಚಿ ಕಪ್ಪಾದರೂ ಏಟು ಕಾಣುತ್ತದೆ. ಏನೋ ಇತ್ತು, ತೆಗೆದಿದ್ದಾರೆ.

ಅಪ್ಪ ಇರುವಾಗ ಕೇಳಬಹುದಿತ್ತು. 1948ರಲ್ಲಿ ಅವನಿಗೆ ಹತ್ತು ವರ್ಷ. ಗೊತ್ತಿಲ್ಲದೆ ಇರಲಿಕ್ಕಿಲ್ಲ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸೆಪ್ಟೆಂಬರ್ 11, ಬುಧವಾರ

ಮನೆಯಲ್ಲಿ ಗೌರಿ ಊಟ. ಪಕ್ಕದ ಮನೆಯ ಕಾಕೂ ಹದಿನಾರು ತರಹದ ಪಲ್ಯ ಮಾಡಿ ಕಳಿಸಿದರು. ಸಂಜೆ ಇವರು ಟಿಪ್ಪಣಿ ಓದಿ, "ನಾಸಿಕ್‌ಗೂ ಯುದ್ಧಕಾಲದ ನಾಯಕ ಇದ್ದರು, ಅವರ ಹೆಸರೂ ಸೇರಿಸು" ಅಂದರು. ಯಶವಂತರಾವ್ ಚವ್ಹಾಣರು. ಚೀನಾ ಯುದ್ಧದ ನಡುವೆ ನೆಹರು ಅವರನ್ನು ರಕ್ಷಣಾ ಮಂತ್ರಿಯಾಗಿ ಕರೆದರು. 1963ರಲ್ಲಿ ಇದೇ ನಾಸಿಕ್‌ನಿಂದ ಅವಿರೋಧವಾಗಿ ಲೋಕಸಭೆಗೆ ಹೋದರು. ಮರುವರ್ಷ ಓಝರ್ ಕಾರ್ಖಾನೆ, ಮಿಗ್ ವಿಮಾನ. ಇವರ ಮೂವತ್ತಾರು ವರ್ಷದ ನೌಕರಿ ಅಲ್ಲಿಂದ ಹುಟ್ಟಿದ್ದು. ಇವರ ಸಂತೋಷ ಅರ್ಥವಾಗುತ್ತದೆ. ಆದರೆ ನನ್ನ ಹದಿನೈದು ನಿಮಿಷದಲ್ಲಿ ಜಾಗ ಇಲ್ಲ.

ತಮ್ಮನ ಮೆಸೇಜು: "ಪುಣೆಯಾವ ಎಂಬತ್ತಕ್ಕ ಬಂದಾನ."

ಸೆಪ್ಟೆಂಬರ್ 14, ಶನಿವಾರ. ರೈಲಿನಲ್ಲಿ, ಆಮೇಲೆ ಸಂಭಾಜಿನಗರ

ತಪೋವನ್ ಎಕ್ಸ್‌ಪ್ರೆಸ್. ಕಿಟಕಿ ಸೀಟು ಸಿಕ್ಕಿತು.

ಮನ್ಮಾಡದಲ್ಲಿ ಇಳಿದು ಚಹಾ ಕುಡಿದೆ. ಸಾವಿರ ಸಲ ದಾಟಿದ ಸ್ಟೇಷನ್, ಇವತ್ತು ಬೇರೆಯಾಗಿ ಕಂಡಿತು. ಮನ್ಮಾಡ ನಾಸಿಕ್ ಜಿಲ್ಲೆ, ಅಂದಿನ ಮುಂಬೈ ಪ್ರಾಂತ. ಇಲ್ಲಿಂದ ಸಿಕಂದರಾಬಾದಿಗೆ ನಿಜಾಮನ ಮೀಟರ್‌ಗೇಜ್ ರೈಲು ಹೊರಡುತ್ತಿತ್ತು. ನಗರಸೂಲ ದಾಟಿ ಸ್ವಲ್ಪ ದೂರ ಹೋದರೆ ಅವನ ರಾಜ್ಯ. ಸ್ವಾಮೀಜಿ ಒಳಗೆ ಸೆರೆಯಲ್ಲಿದ್ದಾಗ ಹೊರಗೆ ಗಡಿಯುದ್ದಕ್ಕೂ ಶಿಬಿರಗಳು ನಡೆದವು. ಮನ್ಮಾಡದಲ್ಲಿ ಒಂದು. ನಮ್ಮ ಕಡೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಮನೆಮಠ ಬಿಟ್ಟು ಬಂದವರಿಗೆ ಅಲ್ಲೇ ಗಂಜಿ, ಅಲ್ಲೇ ಬಂದೂಕಿನ ಪಾಠ. ಸಂನ್ಯಾಸಿ ಅಧ್ಯಕ್ಷನಾಗಿರುವ ಪಕ್ಷದ ಹುಡುಗರು ನಿಜಾಮನ ಸುಂಕದ ಕಟ್ಟೆ, ಕರೋಡಗಿರಿ ನಾಕೆ ಸುಡುತ್ತಿದ್ದರು. ಅದಕ್ಕೆ ಅವರ ಮನಸ್ಸು ಒಪ್ಪಿತ್ತೇ? ಗಾಂಧೀಜಿಯನ್ನು ನಂಬಿದವರು. ಇದನ್ನು ಬಹಳ ಹೊತ್ತು ಯೋಚಿಸಿದೆ. ಅಂಕಾಯಿ ಬೆಟ್ಟ ದಾಟಿದ್ದು ಗೊತ್ತಾಗಲಿಲ್ಲ.

ರೋಟೇಗಾಂವ್ ಬಂದಾಗ ಕಿಟಕಿಯಲ್ಲಿ ಹತ್ತಿ, ಮೆಕ್ಕೆಜೋಳ. ಗಡಿ ಎಲ್ಲಿತ್ತು ಅಂತ ಹೊಲಕ್ಕೆ ನೆನಪಿಲ್ಲ.

ಇವತ್ತಿನ ತಾರೀಖು ಆಮೇಲೆ ಹೊಳೆಯಿತು. 1948ರ ಸೆಪ್ಟೆಂಬರ್ 14ರ ಮಧ್ಯಾಹ್ನವೇ ಔರಂಗಾಬಾದ್, ಅಂದರೆ ಇದೇ ಸಂಭಾಜಿನಗರ, ಭಾರತದ ಸೈನ್ಯಕ್ಕೆ ಶರಣಾದದ್ದು. ಮೇಜರ್ ಜನರಲ್ ಬ್ರಾರ್ ಅವರ ಪಡೆ. ನಾನೂ ಮಧ್ಯಾಹ್ನವೇ ಇಳಿದೆ, ಉಪ್ಪಿಟ್ಟಿನ ಡಬ್ಬಿ, ಎರಡು ಚೀಲ.

ಅದೇ ರಾತ್ರಿ

ಮೊಮ್ಮಗ ಊಟಕ್ಕೆ ಏಳುವುದಿಲ್ಲ. ಒಂಬತ್ತನೇ ಇಯತ್ತೆ. ಶಾಲೆಯಲ್ಲಿ ಪ್ರಾಜೆಕ್ಟು: ಯುದ್ಧ ಮತ್ತು ಯುದ್ಧದ ನಂತರದ ಒಬ್ಬ ನಾಯಕ. ಅವನು ಅಮೆರಿಕದ ಹ್ಯಾರಿ ಟ್ರೂಮನ್ ಆರಿಸಿಕೊಂಡಿದ್ದಾನೆ. ರಟ್ಟಿನಲ್ಲಿ ಒಂದು ಫಲಕ ಮಾಡಿದ್ದಾನೆ. ಹೊಣೆ ಈ ಮೇಜಿನಿಂದ ಮುಂದಕ್ಕೆ ಹೋಗುವುದಿಲ್ಲ ಎಂಬ ಅರ್ಥದ ಫಲಕ ಆತನ ಮೇಜಿನ ಮೇಲೆ ಇತ್ತಂತೆ.

"ಅಜ್ಜಿ, ಅವನಿಗೆ ಬಾಂಬಿನ ಸುದ್ದೀನೇ ಪೂರ್ತಿ ಗೊತ್ತಿರಲಿಲ್ಲ. ರೂಸ್‌ವೆಲ್ಟ್ ಹೇಳಿರಲಿಲ್ಲ. ಅಧ್ಯಕ್ಷ ಆದ ಮ್ಯಾಲೆ ಹೇಳಿದರು."

ಉಪಾಧ್ಯಕ್ಷನಾಗಿ 82 ದಿನ. 1945ರ ಏಪ್ರಿಲ್ 12ಕ್ಕೆ ಅಧ್ಯಕ್ಷ. ಆಗಸ್ಟ್ 6ಕ್ಕೆ ಹಿರೋಶಿಮಾ. ದೊಡ್ಡವರು ಹೇಳದೇ ಬಿಟ್ಟುಹೋದದ್ದು ಕಿರಿಯರ ಕೈಗೆ ಬಂದು ಬೀಳುವುದು. ನನ್ನ ತಲೆಗೆ ಕೂಡಲೇ ಬಾಗಿಲು ಬಂತು. ಎಲ್ಲಿಂದೆಲ್ಲಿಗೆ. ನಾಚಿಕೆಯಾಯಿತು, ಹೋಲಿಸುವ ಮಾತಲ್ಲ ಅದು. ಆದರೂ ಬಂತು.

ಅವನಿಗೆ ಒಂದು ಸಂಗತಿ ಹೇಳಿದೆ: 1948ರಲ್ಲಿ ನಮ್ಮ ನಿಜಾಮನೂ ನಿನ್ನ ಟ್ರೂಮನ್‌ಗೆ ಮೊರೆಯಿಟ್ಟಿದ್ದ, ನಡುವೆ ಬಂದು ಬಗೆಹರಿಸು ಅಂತ. ಟ್ರೂಮನ್ ಒಪ್ಪಲಿಲ್ಲ. ಹುಡುಗ ಬಿಟ್ಟ ಬಾಯಿ ಮುಚ್ಚಲಿಲ್ಲ. "ನಮ್ಮ ಔರಂಗಾಬಾದ್ ವಿಷಯ ವೈಟ್ ಹೌಸ್‌ಗೆ ಹೋಗಿತ್ತಾ?" ಹಳೆಯ ಹೆಸರೇ ಬಾಯಿಗೆ ಬರುತ್ತದೆ ಅವನಿಗೂ.

ಸೆಪ್ಟೆಂಬರ್ 15, ಭಾನುವಾರ

ಹುಡುಗನಿಗೆ ಸ್ವಾಮೀಜಿಯ ಕತೆ ಹೇಳಿದೆ. ಬಳಗದಲ್ಲಿ ಹೇಳುವುದರ ಅಭ್ಯಾಸವೂ ಆಯಿತು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುವಾಗ ಇವರನ್ನು ಹೈದರಾಬಾದಿನಲ್ಲಿ ಹಿಡಿದರು. ನವೆಂಬರ್ ಕೊನೆಗೆ ನಿಜಾಮನಿಗೂ ಭಾರತಕ್ಕೂ ಯಥಾಸ್ಥಿತಿ ಒಪ್ಪಂದ, ಬಿಡುಗಡೆ. ಜನವರಿ ಕೊನೆಗೆ ಮತ್ತೆ ಒಳಗೆ. ಸೆಪ್ಟೆಂಬರ್ 13ಕ್ಕೆ ಸೈನ್ಯ ಬಂತು, 17ಕ್ಕೆ ನಿಜಾಮ ಶರಣು. ಆಗ ಹೊರಗೆ ಬಂದರು.

"ಆಮೇಲೆ ಮುಖ್ಯಮಂತ್ರಿ ಆದರಾ?"

ಇಲ್ಲ. 1952ರಲ್ಲಿ ಆದದ್ದು ಬೂರ್ಗುಲ.

"ಮತ್ತೆ ಏನಾದರು?"

ಗುಲ್ಬರ್ಗಾದಿಂದ ಎಂಪಿ. ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ ಜಿಲ್ಲೆಗಳ ರಾಜ್ಯ ಅದು. ಯಾವ ರಾಜ್ಯಕ್ಕಾಗಿ ಸೆರೆಮನೆಗೆ ಹೋದರೋ ಅದನ್ನೇ ಭಾಷೆಗೆ ತಕ್ಕಂತೆ ಮೂರು ಮಾಡಿ ಅಂತ ಪಟ್ಟು ಹಿಡಿದರು. ನೆಹರೂಗೆ ಅದು ಅಷ್ಟು ರುಚಿಸಿರಲಿಲ್ಲ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ನಮ್ಮ ಗುಲ್ಬರ್ಗಾ ಮೈಸೂರಿಗೆ, ನಿನ್ನ ಊರು ಮುಂಬೈಗೆ. ಮರುವರ್ಷ ಅವರು ನಿಂತು ಗೆದ್ದದ್ದು ಈ ಊರಿನಿಂದ.

ಹುಡುಗ ಲೆಕ್ಕ ಹಾಕಿದ: "ಅಂದರೆ ನಿನ್ನೂರಿನ ಎಂಪಿ, ನನ್ನೂರಿನ ಎಂಪಿ, ಒಬ್ಬರೇ."

ಹೌದು. ನನಗೆ ಇಷ್ಟು ಚೊಕ್ಕವಾಗಿ ಹೊಳೆದಿರಲಿಲ್ಲ.

ಇನ್ನೊಂದನ್ನೂ ಅವನೇ ಹುಡುಕಿದ. ಸ್ವಾಮೀಜಿ ತೀರಿಕೊಂಡದ್ದು 1972ರ ಜನವರಿ 22, ಹೈದರಾಬಾದಿನಲ್ಲಿ. ಟ್ರೂಮನ್ ಅದೇ ವರ್ಷ ಡಿಸೆಂಬರ್ 26. ಪ್ರಾಜೆಕ್ಟಿನ ಕೊನೆಯ ಪುಟಕ್ಕೆ ಇಬ್ಬರನ್ನೂ ಹಾಕುತ್ತಾನಂತೆ.

ಸೆಪ್ಟೆಂಬರ್ 16, ಸೋಮವಾರ

ಮಗಳ ಜೊತೆ ಪಾಣಚಕ್ಕಿಯ ಕಡೆ ಹೋಗಿದ್ದೆ. ಬಾಗಿಲುಗಳ ಊರು ಇದು. ಭಡಕಲ್ ದರ್ವಾಜಾ ಮಲಿಕ್ ಅಂಬರ್ ಕಟ್ಟಿಸಿದ್ದು, 1612. ರಿಕ್ಷಾ ಅದರ ಪಕ್ಕದಲ್ಲೇ ನುಗ್ಗುತ್ತದೆ.

ಒಳಗಿನ ಓಣಿಯಲ್ಲಿ ಒಂದು ಹಳೆಯ ಮನೆ. ಕಾಲು ಅಲ್ಲಿಯೇ ನಿಂತಿತು. ಹಿತ್ತಾಳೆ ಮೊಳೆ, ಬಳ್ಳಿ, ಹಣ್ಣು. ದಾಳಿಂಬೆಯಲ್ಲ, ದ್ರಾಕ್ಷಿ. ಮೇಲಿನ ಅಡ್ಡಪಟ್ಟಿಯ ನಡುವೆ, ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲದ ಜಾಗದಲ್ಲಿ ಅರಬ್ಬಿ ಅಕ್ಷರ. ನಮ್ಮ ಬಾಗಿಲಿನಲ್ಲಿ ಉಳಿಯ ಏಟು ಇರುವ ಜಾಗವೇ. ಒಳಗಿನಿಂದ ಒಬ್ಬ ಮುದುಕಿ, "ಕೌನ್ ಹೋನಾ ಬೇಟಾ?" ಅಂದಳು. ಯಾರು ಬೇಕು ಅಂತ. ಯಾರೂ ಇಲ್ಲ, ಬಾಗಿಲು ನೋಡುತ್ತಿದ್ದೇನೆ ಅಂದೆ. ಏನು ಬರೆದಿದೆ ಅಂತ ಕೇಳಿದೆ. ಬಿಸ್ಮಿಲ್ಲಾ ಅಂದಳು. ಕೂತುಕೋ, ನೀರು ಕುಡಿ ಅಂದಳು.

ಕುಡಿಯಲಿಲ್ಲ. ಗಂಟಲಿಗೆ ಏನೋ ಬಂದಂತಾಯಿತು. ಮಗಳು ಬಿಸಿಲಿಗೆ ಹಾಗಾಯಿತು ಅಂದುಕೊಂಡಳು.

ರಾತ್ರಿ

ಬರೆದುಬಿಡುತ್ತೇನೆ.

1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರದ ಪಡೆಯವರು, ರಜಾಕಾರರು, ಜನರನ್ನು ಕೊಂದರು. ಇನ್ನೂರಕ್ಕೂ ಹೆಚ್ಚು ಅನ್ನುತ್ತಾರೆ. ಆ ಸುದ್ದಿ ಬಂದ ಮೇಲೆ ನಮ್ಮೂರಿನಲ್ಲೂ ಒಂದು ರಾತ್ರಿ ಗುಲ್ಲೆದ್ದಿತು. ಆಯಿ ಅಪ್ಪನನ್ನು ಅಪ್ಪಿಕೊಂಡು ಹಗೇವಿನಲ್ಲಿ ಇಳಿದು ಬೆಳತನಕ ಕೂತಳು. ಜೋಳದ ಧೂಳಿಗೆ ಅಪ್ಪ ಕೆಮ್ಮಬಾರದು ಅಂತ ಅವನ ಬಾಯಿಗೆ ಸೆರಗು ತುರುಕಿದ್ದಳು. ಇದು ನಮ್ಮ ಮನೆಯಲ್ಲಿ ನೂರು ಸಲ ಹೇಳಿದ ಕತೆ. ಹೇಳುವಾಗ ಆಯಿಯ ಕೈ ನಡುಗುತ್ತಿತ್ತು. ಸುಳ್ಳಲ್ಲ.

ಸೆಪ್ಟೆಂಬರ್ 17ರ ನಂತರದ ಕತೆ ಒಂದು ಸಲವೂ ಹೇಳಲಿಲ್ಲ.

ನೆಹರು ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ತಿರುಗಾಡಿತು. ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆ: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಸತ್ತವರು ಮುಸಲ್ಮಾನರು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದವರು ಬೆಲೆ ಕೊಟ್ಟರು. ವರದಿ ದಶಕಗಟ್ಟಲೆ ಕಪಾಟಿನಲ್ಲಿತ್ತು.

ಆ ದಿನಗಳಲ್ಲಿ ಸ್ವಾಮೀಜಿ ಸೆರೆಯಿಂದ ಹೊರಗೆ ಬಂದಿದ್ದರು. ಅವರ ಮಾತು ಆಗ ಎಷ್ಟು ದೂರ ಕೇಳುತ್ತಿತ್ತು? ತಮ್ಮ ಕಾರ್ಯಕರ್ತರನ್ನು ತಡೆಯಲು ಹೋಗಿದ್ದರೆ ಎಷ್ಟು ಜನ ಕೇಳುತ್ತಿದ್ದರು, ಎಷ್ಟು ಜನ ಮುಖ ತಿರುಗಿಸುತ್ತಿದ್ದರು? ಜೈಲಿನಲ್ಲಿ ಏಳೆಂಟು ತಿಂಗಳು ಇದ್ದು ಹೊರಬಂದವನ ಎದುರಿಗೆ ಜಯಘೋಷವೂ ಬಂತು, ಹೆಣಗಳೂ ಬಂದವು. ಅವರನ್ನು ದೂರಲು ನನ್ನ ಬಳಿ ಏನೂ ಇಲ್ಲ. ಅವರು ಸುಮ್ಮನಿದ್ದರು ಅನ್ನಲೂ ಇಲ್ಲ, ಎಲ್ಲ ಮಾಡಿದರು ಅನ್ನಲೂ ಇಲ್ಲ. ಮೂರು ವರ್ಷ ದಾಟಿದ ಮೇಲೆ ಅದೇ ಗುಲ್ಬರ್ಗಾದಿಂದ ವೋಟು ಕೇಳಿದರು. ಆಯಿ ಮೊದಲ ಸಲ ವೋಟು ಹಾಕಿದ್ದು ಅವರಿಗೇ. ಆಗ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಮೇಲೆ ಚಿಹ್ನೆ. ಜೋಡೆತ್ತಿನ ಪೆಟ್ಟಿಗೆಯಲ್ಲಿ ಚೀಟಿ ಹಾಕಿದೆ ಅಂತ ಕೊನೆತನಕ ಹೆಮ್ಮೆಯಿಂದ ಹೇಳುತ್ತಿದ್ದಳು.

ಯಾವ ಬಾಗಿಲಿನಿಂದ ಹೊರಟು ಹೋಗಿದ್ದಳು?

ಸೆಪ್ಟೆಂಬರ್ 17, ಮಂಗಳವಾರ

ಬೆಳಿಗ್ಗೆ ಬೇಗ ಸಿದ್ಧಾರ್ಥ ಉದ್ಯಾನಕ್ಕೆ. ಮುಕ್ತಿಸಂಗ್ರಾಮದ ಸ್ಮಾರಕ ಸ್ತಂಭದ ಎದುರು ಸರಕಾರಿ ಧ್ವಜವಂದನೆ. ಪೊಲೀಸರ ಹಗ್ಗದ ಆಚೆ ನಿಂತೆವು. ವಂದನೆ ಮುಗಿದು ಮಂದಿ ಕರಗಿದ ಮೇಲೆ ಮೊಮ್ಮಗ ಸ್ತಂಭದ ಸುತ್ತ ಒಂದು ಸುತ್ತು ಹಾಕಿ ಬಂದ.

ಅದೇ ಹೊತ್ತಿಗೆ ಕಲಬುರಗಿಯಲ್ಲೂ ಧ್ವಜ. ಅಲ್ಲಿ ಇವತ್ತು ಸಚಿವ ಸಂಪುಟದ ಸಭೆಯೂ ಇದೆ, ಊರೆಲ್ಲ ಪೊಲೀಸರು ಅಂತ ತಮ್ಮ ಹೇಳಿದ. ಅಲ್ಲಿ ಕಲ್ಯಾಣ ಕರ್ನಾಟಕ ಉತ್ಸವ, ಇಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಎರಡೂ ಕಡೆ ಭಾಷಣದಲ್ಲಿ ಬರುವ ಮಾತೂ ಒಂದೇ: ಹಿಂದುಳಿದ ಪ್ರದೇಶ, ನೀರು, ಅನುದಾನ, 371ನೇ ಕಲಮು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಮನೆಗೆ ದತ್ತು ಹೋದಂತೆ.

ಫೋನು ಇಡುವ ಮೊದಲು ಕೇಳಿದೆ. "ತಮ್ಮಾ, ಆ ಬಾಗಿಲು ನಮ್ಮನಿಗಿ ಎಲ್ಲಿಂದ ಬಂತು?"

ಬಹಳ ಹೊತ್ತು ಮಾತಿಲ್ಲ. ಹಿಂದೆ ಬ್ಯಾಂಡು ಕೇಳುತ್ತಿತ್ತು.

"ಅಕ್ಕಾ, ಯಾಕ ಕೆದಕತಿ ಅದನ್ನ? ಮುತ್ಯಾ ತಂದಿದ್ದ ಅಂತಾರ. ಸಂತ್ಯಾಗ ಕೊಂಡಾನೊ, ಯಾರರ ಇಟ್ಟು ಹೋಗ್ಯಾರೊ. ಈಗ ಯಾರ ಅದಾರ ಹೇಳಾಕ?"

ಅಂದರೆ ಅವನೂ ಯೋಚಿಸಿದ್ದಾನೆ. ಇಷ್ಟು ವರ್ಷ ಇಬ್ಬರೂ ಬೇರೆ ಬೇರೆ ಕೂತು ಅದನ್ನೇ ಯೋಚಿಸಿದ್ದೇವೆ.

ಇವತ್ತು ಅನಂತ ಚತುರ್ದಶಿ. ರಾತ್ರಿಯೆಲ್ಲ ವಿಸರ್ಜನೆಯ ಡೋಲು. ಮೊಮ್ಮಗ ಗುಲಾಲು ಮೆತ್ತಿಕೊಂಡು ಬಂದು ಮಲಗಿದ.

ಸೆಪ್ಟೆಂಬರ್ 19, ಗುರುವಾರ. ನಾಸಿಕ್

ವಾಪಸು. ಮನೆ ತುಂಬ ಧೂಳು. ಇವರು ಮೂರು ದಿನ ಬರೇ ಬ್ರೆಡ್ಡು ತಿಂದಿದ್ದಾರೆ.

ಸೆಪ್ಟೆಂಬರ್ 22, ಭಾನುವಾರ

ಕಾರ್ಯಕ್ರಮ ಆಯಿತು. ಮೂವತ್ತೈದು ಜನ ಇದ್ದರು. ಮನ್ಮಾಡ ಶಿಬಿರದ ಮಾತು ಬಂದಾಗ ಎಲ್ಲರೂ ನೆಟ್ಟಗೆ ಕೂತರು, ಅಷ್ಟು ಹತ್ತಿರ ಅಂತ ಯಾರಿಗೂ ಗೊತ್ತಿರಲಿಲ್ಲ. ಒಬ್ಬನೇ ಮನುಷ್ಯ ಗುಲ್ಬರ್ಗಾಕ್ಕೂ ಔರಂಗಾಬಾದಿಗೂ ಎಂಪಿ ಎಂದಾಗ ಚಪ್ಪಾಳೆ.

ಸುಂದರಲಾಲ್ ಸಮಿತಿಯ ಪುಟ ಬಂತು. ಓದಬೇಕೋ ಬೇಡವೋ ಅಂತ ಬೆರಳು ಅಲ್ಲೇ ನಿಂತಿತು. ಓದಿದೆ. ಅಂಕಿ, ಜಿಲ್ಲೆ, ಎಲ್ಲ. ಸಭೆ ಗಪ್ಪಾಯಿತು. ಚಹಾದ ಹೊತ್ತಿಗೆ ಒಬ್ಬರು ಬಂದು, "ಇದು ಸಂತೋಷದ ದಿನದಲ್ಲಿ ಬೇಕಿತ್ತಾ?" ಅಂದರು. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಮೊದಲು ಓಡಿ ಬರುವವರು. ಉತ್ತರ ಕೊಡಲಿಲ್ಲ.

ಬಾಗಿಲಿನ ವಿಷಯ ಹೇಳಲಿಲ್ಲ. ಬೇರೆಯವರ ಜಿಲ್ಲೆಗಟ್ಟಲೆ ಲೆಕ್ಕ ಓದಿದೆ, ನಮ್ಮ ಮನೆಯದು ಚೀಲದಲ್ಲೇ ಉಳಿಯಿತು.

ಸೆಪ್ಟೆಂಬರ್ 24, ಮಂಗಳವಾರ, ಸಂಜೆ

ತಮ್ಮ ಫೋಟೋ ಕಳಿಸಿದ್ದಾನೆ. ಬಡಿಗ ಚೌಕಟ್ಟಿನ ಸುತ್ತ ಗಾರೆ ಉದುರಿಸಿದ್ದಾನೆ. ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು, ಹಸಿ ಇಟ್ಟಿಗೆ ತುಂಬಿದ್ದು ಕಾಣುತ್ತದೆ. ನಮ್ಮ ಗೋಡೆ ಎಲ್ಲ ಕಲ್ಲು. ಮೊದಲಿದ್ದ ಬಾಗಿಲು ದೊಡ್ಡದು, ಇದು ಸಣ್ಣದು, ಉಳಿದ ಸಂದಿಗೆ ಇಟ್ಟಿಗೆ ಕೂರಿಸಿದ್ದಾರೆ. ಫೋಟೋದಲ್ಲಿ ಬಡಿಗ ಟೇಪು ಹಿಡಿದಿದ್ದಾನೆ. ಎರಡೂ ಕಡೆ ಏಳೇಳು ಇಂಚು.

ಕೆಳಗೆ ತಮ್ಮನ ಸಾಲು: "ಈ ಮನಿಗಿ ಮಾಡಿಸಿದ್ದಲ್ಲ ಅಕ್ಕಾ. ಪುಣೆಯಾವಗ ಬ್ಯಾಡಂದೀನಿ. ನೀ ಬಾ."

ರಾತ್ರಿ

ಹೋಗಿ ಏನು ಮಾಡುತ್ತೇನೆ? ಊರಲ್ಲಿ ಆ ಓಣಿ ಈಗ ಇಲ್ಲ. ಮಸೀದಿಯ ಹತ್ತಿರ ನಾಲ್ಕು ಮನೆ ಇವೆ. ಅವರು ಆಮೇಲೆ ಬಂದವರೋ, ಮೊದಲಿನಿಂದ ಇದ್ದವರೋ. ಅವರ ಬಾಗಿಲು ತಟ್ಟಿ ಏನಂತ ಕೇಳುವುದು?

ಮನ್ಮಾಡದಿಂದ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತೆಗೆಸಿದೆ. ಅಕ್ಟೋಬರ್ 2ಕ್ಕೆ. ಒಂದೇ ಟಿಕೆಟ್. ಇವರು ನಾನೂ ಬರಲಾ ಅಂದರು. ಬೇಡ ಅಂದೆ. ಬಾಗಿಲನ್ನು ಬಿಚ್ಚಿ ಪಡಸಾಲೆಯೊಳಗೆ ಗೋಡೆಗೆ ಒರಗಿಸಿ ಇಡು, ಮಳೆ ತಾಗದಂತೆ ಗೋಣಿ ಹೊದಿಸು, ಉಳಿಯ ಏಟಿನ ಕಡೆ ಯಾರೂ ರಂದ ಹೊಡೆಯದಿರಲಿ ಅಂತ ತಮ್ಮನಿಗೆ ಬರೆದೆ.

"ಹೂಂ" ಅಂತ ಬಂತು.